ಅರವತ್ನಾಲ್ಕು ಕೋರ್‌ಗಳ ಎದುರು ಹತ್ತು

ಎಎಂಡಿಯ ಥ್ರೆಡ್‌ರಿಪ್ಪರ್ ಪ್ರೊ 5995ಡಬ್ಲ್ಯುಎಕ್ಸ್ ಬಂದದ್ದು 2022ರಲ್ಲಿ. ಮೇಲಿನ ಲೋಹದ ಮುಚ್ಚಳ ತೆಗೆದರೆ ಒಳಗೆ ಒಂಬತ್ತು ಸಿಲಿಕಾನ್ ತುಣುಕುಗಳು: ನಡುವೆ ಮೆಮೊರಿ, ಸಂಪರ್ಕಗಳನ್ನು ನೋಡಿಕೊಳ್ಳುವ ದೊಡ್ಡದೊಂದು, ಅದರ ಅಕ್ಕಪಕ್ಕ ಎಂಟೆಂಟು ಕೋರ್‌ಗಳ ಎಂಟು. ಒಟ್ಟು 64 ಕೋರ್, 280 ವಾಟ್. ಅದಕ್ಕೂ ಕೆಲವು ತಿಂಗಳು ಮೊದಲು ಆಪಲ್ ಲ್ಯಾಪ್‌ಟಾಪಿಗೆ ಹಾಕಿದ ಎಂ1 ಮ್ಯಾಕ್ಸ್‌ನಲ್ಲಿದ್ದದ್ದು ಬರೀ ಹತ್ತು ಕೋರ್.

ಆದರೆ ಮೆಮೊರಿಯ ಕಡೆ ನೋಡಿ. ಥ್ರೆಡ್‌ರಿಪ್ಪರ್ ಎಂಟು ಚಾನೆಲ್‌ಗಳಿಂದ ಸೆಕೆಂಡಿಗೆ ಸುಮಾರು 205 ಗಿಗಾಬೈಟ್ ಸೆಳೆದುಕೊಂಡರೆ, ಎಂ1 ಮ್ಯಾಕ್ಸ್‌ನದು 400! ಮೆಮೊರಿಯನ್ನು ಪ್ರೊಸೆಸರಿನ ಮಗ್ಗುಲಲ್ಲೇ ಕೂರಿಸಿ, ಗ್ರಾಫಿಕ್ಸ್ ಭಾಗಕ್ಕೂ ಅದನ್ನೇ ಹಂಚಿಕೊಟ್ಟ ಜಾಣತನವಿದು. ನನಗೆ ಈ ಚಿಪ್‌ನಲ್ಲಿ ತುಂಬಾ ಹಿಡಿಸಿದ್ದೂ ಇದೇ.

ಅದಕ್ಕೆ ತೆತ್ತ ಬೆಲೆಯೂ ಇದೆ. ಮೆಮೊರಿ 64 ಗಿಗಾಬೈಟ್‌ಗೆ ನಿಂತಿತು, ಆಮೇಲೆ ಹೆಚ್ಚಿಸುವಂತಿಲ್ಲ. ಥ್ರೆಡ್‌ರಿಪ್ಪರ್ 2 ಟೆರಾಬೈಟ್‌ವರೆಗೂ ಹೊರುತ್ತದೆ. ಮೆಮೊರಿಯಲ್ಲಿ ಒಂದು ಬಿಟ್ ಕೆಟ್ಟರೆ ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ. ದಿನಗಟ್ಟಲೆ ಓಡುವ ರೆಂಡರಿಂಗ್‌, ಸಿಮ್ಯುಲೇಶನ್‌ಗಳಿಗೆ ನಾನು ಕಣ್ಣುಮುಚ್ಚಿ ಆರಿಸುವುದು ಇದನ್ನೇ. ವಿಡಿಯೊ ಎಡಿಟಿಂಗಿಗಾದರೆ ಎಂ1 ಮ್ಯಾಕ್ಸ್: ಚಾರ್ಜರ್ ಕಿತ್ತರೂ ಅದರ ವೇಗ ಕುಗ್ಗುವುದಿಲ್ಲ.