ಕಂಪವಾತದ ಒಂದು ಕೈಪಿಡಿ

ಚಿಂಚಲಿ ಮಾಯಕ್ಕನ ಜಾತ್ರೆಯಿಂದ ನಮ್ಮ ಕಾಕಾ ಒಂದು ಕೈಪಿಡಿಯನ್ನು ಕೊಂಡುತಂದರು. ಅವರ ಬಲಗೈಗೆ ಪಾರ್ಕಿನ್ಸನ್ ರೋಗದ ನಡುಕ ಹತ್ತಿ ಆರು ವರ್ಷಗಳಾದವು. ಕೈಪಿಡಿಯ ವಿಷಯವೂ ಅದೇ: ಕಂಪವಾತಕ್ಕೆ ಗಿಡಮೂಲಿಕೆ. ಇಂಥ ಬರವಣಿಗೆಯನ್ನು ಸಾಹಿತ್ಯವಿಮರ್ಶೆಯ ಪಂಕ್ತಿಯಲ್ಲಿ ಕೂರಿಸುವುದೇಕೆಂದು ವಾಚಕರು ಕೇಳಬಹುದು. ನಮ್ಮ ರಾಯಬಾಗದ ಕಡೆ ಜನ ಕಾದಂಬರಿಗಿಂತ ಹೆಚ್ಚು ನಂಬಿ ಓದುವ ಗದ್ಯ ಇದೇ ಎಂಬುದು ನನ್ನ ಉತ್ತರ.

ಮೊದಲು ಗುಣವನ್ನು ಹೇಳಬೇಕು. ನಸುಗುನ್ನಿಯ ವರ್ಣನೆ ಸೊಗಸಾಗಿದೆ. ಹುಡುಗರು ಒಬ್ಬರ ಬೆನ್ನಿಗೊಬ್ಬರು ತಿಕ್ಕಿ ತುರಿಕೆ ಹಚ್ಚುವ ಆ ಕಾಯಿ (ಗಡಿಯಾಚೆಯ ಮರಾಠಿಯಲ್ಲಿ ಖಾಜಕುಯಲಿ) ತನ್ನ ಬೀಜದಲ್ಲಿ ಮದ್ದನ್ನು ಹೊತ್ತಿದೆಯೆಂಬುದು ಕಟ್ಟುಕಥೆಯಲ್ಲ. ಚರಕಸಂಹಿತೆ ಎಣಿಸುವ 80 ವಾತರೋಗಗಳಲ್ಲಿ ವೇಪಥು, ಎಂದರೆ ನಡುಕ, ಒಂದು. 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಈ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿದರು. ಇಂದು ಡಾಕ್ಟರರು ಬರೆದುಕೊಡುವ ಮಾತ್ರೆಯ ಜೀವಾಳವೂ ಅದೇ. 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 30 ಗ್ರಾಂ ಬೀಜದ ಪುಡಿ ಮಾತ್ರೆಗಿಂತ ಬೇಗನೆ ಕೆಲಸಮಾಡಿತು. ರೋಗಿಗಳು ಮಾತ್ರ ಎಂಟೇ ಮಂದಿ.

ಕೈಪಿಡಿಕಾರರು ಎಡವಿರುವುದು ಕ್ರಿಯಾಪದದಲ್ಲಿ. ಪುಟಪುಟಕ್ಕೂ "ಗುಣವಾಗುವುದು". ಆ ಎಂಟು ಮಂದಿಗೆ ಕೆಲವು ಗಂಟೆ ಮೈ ಹಗುರಾಯಿತೇ ಹೊರತು ಯಾರಿಗೂ ರೋಗ ಬಿಟ್ಟುಹೋಗಲಿಲ್ಲ. ಅಳತೆಯ ಮಾತು ಬಂದಲ್ಲಿ "ಒಂದು ಚಮಚೆ" ಎಂದು ತೇಲಿಸಿದ್ದಾರೆ. ಎಲ್-ಡೋಪಾದ ಪ್ರಮಾಣ ಬೀಜದಿಂದ ಬೀಜಕ್ಕೆ ಬೇರೆ. ಮಾತ್ರೆಯ ಮೇಲೆ ಪುಡಿಯೂ ಸೇರಿ ಹೆಚ್ಚಾದರೆ ಕೈಕಾಲು ತಾವಾಗಿಯೇ ತಿರುಚತೊಡಗಬಹುದು. ಎಲ್ಲಕ್ಕಿಂತ ಕೇಡಿನ ವಾಕ್ಯ ಕೊನೆಯ ಪುಟದ್ದು: "ಮಾತ್ರೆಗಳನ್ನು ಬಿಟ್ಟುಬಿಡಿರಿ." ಕಾಕಾ ಬಿಟ್ಟರು. ನಾಲ್ಕನೆಯ ದಿನ ಮಗ್ಗುಲು ಬದಲಿಸಲಾರದೆ ಕೊರಡಿನಂತೆ ಬಿದ್ದುಕೊಂಡರು. ಹೀಗೆ ಒಮ್ಮೆಲೇ ಬಿಟ್ಟವರಿಗೆ ಜ್ವರವೇರಿ ಪ್ರಾಣಕ್ಕೇ ಬಂದದ್ದುಂಟೆಂದು ಡಾಕ್ಟರರು ಆಮೇಲೆ ನನ್ನನ್ನು ಗದರಿಸಿದರು.

ಈ ರೋಗಕ್ಕೆ ತನ್ನ ಹೆಸರು ಬಿಟ್ಟುಹೋದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದ ಪ್ರಬಂಧವೂ ಚಿಕ್ಕದೇ. ಅದರಲ್ಲಿ ಬರುವ ರೋಗಿಗಳು ಆರೇ ಜನ. ಅವರಲ್ಲಿ ಕೆಲವರನ್ನು ಆತ ಬೀದಿಯಲ್ಲಿ ಕಂಡದ್ದು. ಆತ ಸೂಚಿಸಿದ ಚಿಕಿತ್ಸೆ, ರಕ್ತ ತೆಗೆಯುವುದು, ಇಂದು ನಿಲ್ಲುವಂಥದಲ್ಲ. ಆದರೆ ಊಹೆಯ ಮಾತುಗಳಿಗಾಗಿ ಪೀಠಿಕೆಯಲ್ಲಿಯೇ ಕ್ಷಮೆ ಬೇಡಿದ್ದಾನೆ. ನಮ್ಮ ಕೈಪಿಡಿಯ 48 ಪುಟಗಳಲ್ಲಿ ನಾನು "ಬಹುಶಃ" ಎಂಬ ಶಬ್ದವನ್ನು ಹುಡುಕಿ ಸೋತೆ.

ಕಾಕಾ ಈಗ ಮತ್ತೆ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಿದ್ದಾರೆ. ಪುಡಿಯ ಡಬ್ಬಿಯನ್ನು ಡಾಕ್ಟರರಿಗೆ ತೋರಿಸಲೆಂದು ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಕೈಪಿಡಿಯನ್ನು ಮಾತ್ರ ನನ್ನಿಂದ ದಿನವೂ ಮರಳಿ ಕೇಳುತ್ತಾರೆ.