ಪೋರ್ಟ್ ಕೊರೆಯುವ ಮುನ್ನ ಹೌಸಿಂಗ್ ನೋಡಿ

ರೋಟರಿ ಎಂಜಿನ್ ಬಿಚ್ಚಿಟ್ಟುಕೊಂಡವರ ಮಾತು ಬಹುಬೇಗ ಪೋರ್ಟಿನ ಕಡೆ ಹೊರಳುತ್ತದೆ. ಎಷ್ಟು ಅಗಲ ಮಾಡಬೇಕು, ಎಷ್ಟು ಎತ್ತರಿಸಬೇಕು, ಯಾರ ಟೆಂಪ್ಲೇಟ್ ಒಳ್ಳೆಯದು, ಎಷ್ಟು ಕುದುರೆ ಶಕ್ತಿ ಹೆಚ್ಚುತ್ತದೆ. ನನ್ನ ಮಟ್ಟಿಗೆ ಇವೆಲ್ಲ ಎರಡನೆಯ ಸಾಲಿನ ಪ್ರಶ್ನೆಗಳು. ಯಾವ ಹೌಸಿಂಗಿನ ಮೇಲೆ ಕೊರೆಯುತ್ತೀರಿ ಎಂಬುದು ಮೊದಲನೆಯದು. ಕೊರೆದು ತೆಗೆದ ಲೋಹ ಮರಳಿ ಬಂದು ಕೂರುವುದಿಲ್ಲ. ಸವೆದ ಹೌಸಿಂಗಿಗೆ ಎಷ್ಟೇ ಅಚ್ಚುಕಟ್ಟಾದ ಪೋರ್ಟ್ ಕೊರೆದರೂ ಎಂಜಿನ್ ಕಂಪ್ರೆಷನ್ ಹಿಡಿಯುವುದಿಲ್ಲ. ಪೇಟೆಯಲ್ಲಿ ಓಡಿಸುವ ಕಾರಿಗೆ ಮಿತವಾಗಿ ಪೋರ್ಟ್ ಹಿಗ್ಗಿಸುವ ಸ್ಟ್ರೀಟ್ ಪೋರ್ಟ್ ಕೆಲಸದ ಮುಕ್ಕಾಲು ಪಾಲು ಗೆಲುವು ಗ್ರೈಂಡರಿನ ಸ್ವಿಚ್ ಒತ್ತುವ ಮೊದಲೇ ತೀರ್ಮಾನವಾಗಿರುತ್ತದೆ.

ಯೆಜ್ಡಿಗೋ ಆರ್‌ಎಕ್ಸ್ 100ಕ್ಕೋ ಪೋರ್ಟಿಂಗ್ ಮಾಡಿಸಿದ ನಮ್ಮ ಓದುಗರಿಗೆ ಈ ಎಂಜಿನ್ ತೀರಾ ಅಪರಿಚಿತ ಅನ್ನಿಸದು. ಟೂ ಸ್ಟ್ರೋಕ್‌ನಂತೆಯೇ ಮಜ್ದಾದ ರೋಟರಿಯಲ್ಲೂ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಗೋಡೆಯಲ್ಲಿ ಕಿಂಡಿ, ಅಂದರೆ ಪೋರ್ಟ್, ಇದೆ. ಮೂರು ಮೂಲೆಯ ರೋಟರ್ ತಿರುಗುತ್ತಾ ಆ ಕಿಂಡಿಯನ್ನು ತೆರೆಯುತ್ತದೆ, ಮುಚ್ಚುತ್ತದೆ. ಕಿಂಡಿಯ ಅಂಚು ಸರಿದಷ್ಟೂ ಟೈಮಿಂಗ್ ಸರಿಯುತ್ತದೆ. ಆದರೆ ದೊಡ್ಡದೊಂದು ವ್ಯತ್ಯಾಸವಿದೆ. ಬೈಕಿನ ಬ್ಯಾರಲ್ ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು. ರೋಟರಿಗೆ ಓವರ್‌ಸೈಜ್ ರೋಟರ್ ಎಂಬುದೇ ಇಲ್ಲ. ಹಾಗಾಗಿ ಹೌಸಿಂಗಿನ ಆಯ್ಕೆಗೆ ಇಷ್ಟು ಮಹತ್ವ.

ಎರಡು ರೋಟರಿನ ಎಂಜಿನ್ನಿನ ಹೌಸಿಂಗ್ ಐದು ಪದರಗಳದ್ದು: ಮುಂದಿನ ಪ್ಲೇಟ್, ಒಂದು ರೋಟರ್ ಹೌಸಿಂಗ್, ನಡುವಿನ ಪ್ಲೇಟ್, ಇನ್ನೊಂದು ರೋಟರ್ ಹೌಸಿಂಗ್, ಹಿಂದಿನ ಪ್ಲೇಟ್. ಪ್ಲೇಟುಗಳು ಎರಕದ ಕಬ್ಬಿಣದವು. ರೋಟರ್ ಹೌಸಿಂಗ್ ಅಲ್ಯೂಮಿನಿಯಂನದು; ಅದರ ಒಳಮೈಗೆ ಉಕ್ಕಿನ ತೆಳು ಹಾಳೆ, ಹಾಳೆಯ ಮೇಲೆ ಗಟ್ಟಿ ಕ್ರೋಮ್ ಲೇಪ. ಆರ್‌ಎಕ್ಸ್-7 ಕಾರುಗಳ 12ಎ ಮತ್ತು 13ಬಿ ಎಂಜಿನ್‌ಗಳಲ್ಲಿ ಇನ್‌ಟೇಕ್ ಕಿಂಡಿಗಳು ಪ್ಲೇಟಿನಲ್ಲಿವೆ, ಎಕ್ಸಾಸ್ಟ್ ಕಿಂಡಿ ರೋಟರ್ ಹೌಸಿಂಗಿನಲ್ಲಿದೆ. ಆರ್‌ಎಕ್ಸ್-8ರ ರೆನೆಸಿಸ್ ಎಂಜಿನ್‌ನಲ್ಲಿ ಎಕ್ಸಾಸ್ಟ್ ಕೂಡ ಪ್ಲೇಟಿಗೆ ಹೋಗಿದ್ದರಿಂದ ಅದರ ರೋಟರ್ ಹೌಸಿಂಗಿನಲ್ಲಿ ಎಕ್ಸಾಸ್ಟ್ ಕಿಂಡಿಯೇ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಹಳೆಯ 13ಬಿಗೆ ತರುವುದರಲ್ಲಿ ಅರ್ಥವಿಲ್ಲ.

ಮೊದಲು ಎಂಜಿನ್ನಿನ ಪೀಳಿಗೆ ಗೊತ್ತುಮಾಡಿಕೊಳ್ಳಿ. ಎಲ್ಲ 13ಬಿ ಒಂದೇ ಅಲ್ಲ. ಎಂಬತ್ತರ ದಶಕದ ಮೊದಲರ್ಧದ ಎಂಜಿನ್‌ಗಳಲ್ಲಿ ಕೂಲಂಟ್ ಸೀಲ್ ಕೂರುವ ತೋಡು ರೋಟರ್ ಹೌಸಿಂಗಿನಲ್ಲಿತ್ತು. 1986ರ ಮಾಡೆಲ್‌ನಿಂದ, ಅಂದರೆ ಎರಡನೆಯ ಪೀಳಿಗೆಯ ಎಫ್‌ಸಿ ಆರ್‌ಎಕ್ಸ್-7ರಿಂದ, ಅದು ಪ್ಲೇಟಿಗೆ ಬಂತು. ಹಳೆಯ ಪ್ಲೇಟಿಗೆ ಹೊಸ ರೋಟರ್ ಹೌಸಿಂಗ್ ಜೋಡಿಸಿದರೆ ಎರಡೂ ಕಡೆ ಸಪಾಟು. ಸೀಲಿಗೆ ಜಾಗವೇ ಇರುವುದಿಲ್ಲ. ಅದೇ ಹೊತ್ತಿಗೆ ರೋಟರಿನ ಮೂರು ತುದಿಗಳಲ್ಲಿ ಕೂತು ಹೌಸಿಂಗಿಗೆ ಉಜ್ಜುವ ಅಪೆಕ್ಸ್ ಸೀಲಿನ ದಪ್ಪ ಕೂಡ 3 ಮಿಲಿಮೀಟರಿನಿಂದ 2 ಮಿಲಿಮೀಟರಿಗೆ ಇಳಿಯಿತು. ಬಿಡಿಬಿಡಿಯಾಗಿ ಹೌಸಿಂಗ್ ಕೊಳ್ಳುವವರು ಇವೆರಡನ್ನು ಮರೆಯಬಾರದು.

ಇನ್ನು ನಾಲ್ಕು ಪೋರ್ಟೋ ಆರು ಪೋರ್ಟೋ ಎಂಬ ಪ್ರಶ್ನೆ. ನಡುವಿನ ಪ್ಲೇಟಿನಲ್ಲಿ ಎರಡು ಕಿಂಡಿ ಎಲ್ಲದರಲ್ಲೂ ಇವೆ. ಟರ್ಬೊ ಎಂಜಿನ್‌ಗಳ ಮುಂದಿನ, ಹಿಂದಿನ ಪ್ಲೇಟುಗಳಲ್ಲಿ ಒಂದೊಂದು ಕಿಂಡಿ. ಟರ್ಬೊ ಇಲ್ಲದ ಎಫ್‌ಸಿ ಎಂಜಿನ್‌ಗಳಲ್ಲಿ ಎರಡೆರಡು. ಆ ಹೆಚ್ಚುವರಿ ಕಿಂಡಿ ತಡವಾಗಿ ಮುಚ್ಚುವಂಥದ್ದು, ಮೇಲಿನ ಆರ್‌ಪಿಎಂನಲ್ಲಿ ಉಸಿರಾಡಲೆಂದೇ ಇಟ್ಟದ್ದು. ಟರ್ಬೊ ಬೇಡ ಅನ್ನುವವರು ಆರು ಪೋರ್ಟಿನ ಪ್ಲೇಟನ್ನು ಕೀಳಾಗಿ ಕಾಣಬೇಕಿಲ್ಲ; ಅದಕ್ಕೆ ಬೇಕಾದ ಕೊರೆತ ಬಹಳ ಕಡಿಮೆ. ಟರ್ಬೊ ಕಟ್ಟುವವರಿಗೆ ನಾಲ್ಕು ಪೋರ್ಟಿನದೇ ಸರಿ. ಯುನೋಸ್ ಕಾಸ್ಮೊ ಕಾರಿನ 13ಬಿ-ಆರ್‌ಇ ಎಂಜಿನ್ನಿನ ಪ್ಲೇಟು ಸಿಕ್ಕರೆ ಅದೃಷ್ಟ. ಅದರ ಸೆಕೆಂಡರಿ ಕಿಂಡಿಗಳು, ಅಂದರೆ ಮುಂದಿನ, ಹಿಂದಿನ ಪ್ಲೇಟಿನವು, ಕಾರ್ಖಾನೆಯಿಂದಲೇ ದೊಡ್ಡವು.

ಪೀಳಿಗೆ ಗೊತ್ತಾದ ಮೇಲೆ ಮೈ ನೋಡುವ ಕೆಲಸ. ಈ ಎಂಜಿನ್ನಿನ ಚರಿತ್ರೆಯೇ ರೋಟರ್ ಹೌಸಿಂಗಿನ ಒಳಮೈಯ ಚರಿತ್ರೆ. ಮಜ್ದಾ 1961ರಲ್ಲಿ ಜರ್ಮನಿಯ ಎನ್‌ಎಸ್‌ಯುನಿಂದ ಲೈಸೆನ್ಸ್ ಪಡೆದಾಗ ಕೆನಿಚಿ ಯಮಾಮೊಟೊ ಮತ್ತವರ ತಂಡಕ್ಕೆ ಎದುರಾದ ದೊಡ್ಡ ಕಂಟಕ ಹೌಸಿಂಗಿನ ಮೇಲೆ ಅಪೆಕ್ಸ್ ಸೀಲ್ ಅದುರುತ್ತಾ ಮೂಡಿಸುತ್ತಿದ್ದ ಅಲೆಯಲೆಯ ಗೀರುಗಳು. ಅವರು ಅದನ್ನು ದೆವ್ವದ ಉಗುರಿನ ಗುರುತು ಎಂದೇ ಕರೆದರು. ಅಲ್ಯೂಮಿನಿಯಂ ಬೆರೆಸಿದ ಕಾರ್ಬನ್ ಸೀಲ್ ಬಂದ ಮೇಲೆಯೇ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಮಾರುಕಟ್ಟೆಗಿಳಿದದ್ದು.

ರೋಟರ್ ಹೌಸಿಂಗನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಳ್ಳೆಯದಾದರೆ ಮೈಯೆಲ್ಲ ಒಂದೇ ಸಮನಾದ ಮಂದ ಹೊಳಪು. ಅಂಚಿನ ಉದ್ದಕ್ಕೂ ಉಗುರು ಎಳೆಯಿರಿ. ಕ್ರೋಮ್ ಎದ್ದುಹೋಗಿದ್ದರೆ ಉಗುರು ತಡೆಯುತ್ತದೆ, ಅಲ್ಲಿ ಬೇರೆ ಬಣ್ಣದ ಲೋಹ ಇಣುಕುತ್ತದೆ. ಇಲ್ಲೊಂದು ವಿವೇಕ ಬೇಕು: ಗಾಯ ಎಷ್ಟು ದೊಡ್ಡದು ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಇನ್‌ಟೇಕ್ ನಡೆಯುವ ಭಾಗದಲ್ಲಿ ಒತ್ತಡ ಕಡಿಮೆ. ಅಲ್ಲಿನ ಸಣ್ಣ ಗೀರನ್ನು ಎಂಜಿನ್ ಸಹಿಸಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಸುತ್ತಮುತ್ತ ಉರಿಯ ಪೂರ್ತಿ ಒತ್ತಡ ಬೀಳುತ್ತದೆ. ಅಲ್ಲಿ ಕ್ರೋಮ್ ಎದ್ದಿದ್ದರೆ, ಪ್ಲಗ್ ತೂತಿನಿಂದ ಬಿರುಕು ಹೊರಟಿದ್ದರೆ, ಆ ಹೌಸಿಂಗ್ ಪುಕ್ಕಟೆ ಕೊಟ್ಟರೂ ಬೇಡ.

ಮೈ ನೋಡಿದ ಮೇಲೆ ಮೈಕ್ರೋಮೀಟರ್ ತೆಗೆಯಿರಿ. 13ಬಿಯ ರೋಟರ್ ಹೌಸಿಂಗಿನ ದಪ್ಪ 80 ಮಿಲಿಮೀಟರ್. ಸುತ್ತ ನಾಲ್ಕು ಕಡೆ ಅಳೆದಾಗ ವ್ಯತ್ಯಾಸ 0.06 ಮಿಲಿಮೀಟರ್ ಮೀರಬಾರದು ಎನ್ನುತ್ತದೆ ಮಜ್ದಾದ ಕೈಪಿಡಿ. ಒಮ್ಮೆ ಮಿತಿಮೀರಿ ಕಾದ ಎಂಜಿನ್ ಇಲ್ಲಿ ತಪ್ಪದೆ ಸಿಕ್ಕಿಬೀಳುತ್ತದೆ. ಪ್ಲೇಟಿನ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ, ಬಾಗು 0.04 ಮಿಲಿಮೀಟರಿನೊಳಗೆ, ರೋಟರಿನ ಬದಿಯ ಸೈಡ್ ಸೀಲ್ ಉಜ್ಜಿ ಮೂಡಿದ ಮೆಟ್ಟಿಲು 0.10 ಮಿಲಿಮೀಟರಿನೊಳಗೆ ಇರಬೇಕು. ಸವೆದ ಪ್ಲೇಟನ್ನು ಲ್ಯಾಪಿಂಗ್ ಮಾಡಿಸಿ ಸಪಾಟು ಮಾಡಬಹುದು ನಿಜ. ಆದರೆ ಈಚಿನ ಪ್ಲೇಟುಗಳಿಗೆ ನೈಟ್ರೈಡಿಂಗ್‌ನಿಂದ ಬಂದ ಗಟ್ಟಿ ಪದರವಿದೆ; ಲ್ಯಾಪಿಂಗ್‌ನಲ್ಲಿ ಅದೂ ಹೋಗುತ್ತದೆ. ಕೂಲಂಟ್ ಸೀಲಿನ ತೋಡಿನ ಒಳಗೋಡೆ ಬಹಳ ತೆಳು. ಪ್ಲಗ್ಗಿನ ಬದಿಯಲ್ಲಿ ಅದು ತುಕ್ಕು ಹಿಡಿದಿದೆಯೇ, ಸೀಳಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಟರ್ಬೊ ಎಂಜಿನ್ನಿನದಾದರೆ ಹಿಂದಿನ ಪ್ಲೇಟಿನ ಡೌವೆಲ್ ಪಿನ್ ಸುತ್ತಲೂ ಬಿರುಕು ಹುಡುಕಿ. ನಾಕಿಂಗ್ ಹೊಡೆತ ತಿಂದ ಎಂಜಿನ್ ಒಡೆಯುವ ಜಾಗ ಅದು.

ಇಷ್ಟೆಲ್ಲ ಏಕೆಂದರೆ, ಸ್ಟ್ರೀಟ್ ಪೋರ್ಟಿಗೆ ಸಿಗುವ ಜಾಗವೇ ಇಕ್ಕಟ್ಟು. ಕಿಂಡಿಯನ್ನು ಒಳಬದಿಗೆ ಹಿಗ್ಗಿಸಿದರೆ ರೋಟರಿನ ಆಯಿಲ್ ಸೀಲ್ ಓಡುವ ದಾರಿ ಅಡ್ಡ ಬರುತ್ತದೆ. ಹೊರಬದಿಗೆ ರೋಟರಿನ ಮೂಲೆಯ ಕಾರ್ನರ್ ಸೀಲಿನ ದಾರಿ. ಆ ಗೆರೆ ದಾಟಿದರೆ ಅದು ಸ್ಟ್ರೀಟ್ ಪೋರ್ಟ್ ಆಗಿ ಉಳಿಯದು. ಸೀಲಿಗೆ ಸೇತುವೆ ಬಿಟ್ಟು ಕೊರೆಯುವ ಬ್ರಿಜ್ ಪೋರ್ಟ್ ಆಗುತ್ತದೆ, ಐಡ್ಲಿಂಗ್ ಕೆಡುತ್ತದೆ, ಪೇಟೆಯ ಓಡಾಟಕ್ಕೆ ಒಗ್ಗುವುದಿಲ್ಲ. ಉಳಿಯುವುದು ಮೇಲಂಚು. ಅದನ್ನು ಏರಿಸಿದಷ್ಟೂ ಕಿಂಡಿ ತಡವಾಗಿ ಮುಚ್ಚುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಬಲ ಬರುತ್ತದೆ. ಆದರೆ ಕಿಂಡಿಯ ಹಿಂದಿನ ಗೋಡೆಯಾಚೆ ನೀರಿದೆ. ಒಳಗೆ ತುಕ್ಕು ತಿಂದು ಗೋಡೆ ತೆಳುವಾಗಿದ್ದರೆ ಗ್ರೈಂಡರಿನ ಬರ್ ಒಂದೇ ಎಳೆತಕ್ಕೆ ನೀರಿನ ಜಾಕೆಟ್ಟಿಗೆ ತೂತು ಹಾಕುತ್ತದೆ, ಪ್ಲೇಟ್ ಗುಜರಿಗೆ. ಕಿಂಡಿ ಮುಚ್ಚುವ ಅಂಚನ್ನು ಸಣ್ಣಗೆ ಇಳಿಜಾರು ಮಾಡಿ ನಯಗೊಳಿಸುವುದನ್ನು ಬಿಡಬೇಡಿ. ಸೈಡ್ ಸೀಲ್ ಪ್ರತಿ ಸುತ್ತಿಗೂ ಅಲ್ಲಿಂದಲೇ ಮೇಲೇರಬೇಕು.

ಕ್ಯಾಲಿಫೋರ್ನಿಯಾದ ರೇಸಿಂಗ್ ಬೀಟ್, ಮಜ್ದಾಟ್ರಿಕ್ಸ್‌ನಂಥ ಸಂಸ್ಥೆಗಳು ಪೋರ್ಟ್ ಟೆಂಪ್ಲೇಟ್ ಮಾರಿ ಹವ್ಯಾಸಿಗಳಿಗೆ ದೊಡ್ಡ ಉಪಕಾರ ಮಾಡಿವೆ. ಗೆರೆ ಎಲ್ಲಿ ಎಳೆಯಬೇಕೆಂದು ಟೆಂಪ್ಲೇಟ್ ಹೇಳುತ್ತದೆ. ಆ ಗೆರೆಯ ಕೆಳಗಿನ ಲೋಹ ಗಟ್ಟಿಯಿದೆಯೇ ಎಂದು ನೀವೇ ನೋಡಬೇಕು.

ಹೊಸ ಹೌಸಿಂಗ್ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಉಳಿದಿರುವ ಒಂದೊಂದು ಒಳ್ಳೆಯ ಹೌಸಿಂಗೂ ಈ ಅಪರೂಪದ ಎಂಜಿನ್ನಿನ ಆಯುಸ್ಸು. ಬಿಡಿಭಾಗ ಆಯ್ದು ಗುಡ್ಡೆ ಹಾಕುವುದಕ್ಕಿಂತ, ಒಟ್ಟಿಗೆ ಓಡಿದ ಒಂದೇ ಎಂಜಿನ್ನಿನ ಐದೂ ಪದರ ಸಿಗುವವರೆಗೆ ಕಾಯಿರಿ. ಕೈ ಪಳಗಿಸಲು ಗುಜರಿ ಪ್ಲೇಟು ಬಳಸಿ. ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ರೋಟರ್ ಹೌಸಿಂಗಿಗೆ ಹಾಕಿ, ಪೋರ್ಟನ್ನು ಕಾರ್ಖಾನೆ ಕೊಟ್ಟಂತೆಯೇ ಬಿಡಿ. ಒಳ್ಳೆಯ ಹೌಸಿಂಗ್ ಇದ್ದರೆ ಪೋರ್ಟನ್ನು ಮುಂದೆ ಯಾವಾಗ ಬೇಕಾದರೂ ಕೊರೆಯಬಹುದು.