ಆಪ್ ಆರ್ಟ್‌ನ ಸೀಮಿತ ಮುದ್ರಿಕೆಗಳು: ಸಂಗ್ರಹ ಮತ್ತು ಮೌಲ್ಯನಿರ್ಣಯ

ಅಜ್ಜಂಪುರ ಸೀಮೆಯ ಬುಕ್ಕಾಂಬುಧಿಯಂತಹ ಊರುಗಳಲ್ಲಿ ಚಿತ್ರವೆಂದರೆ ಬಹುಕಾಲ ಗೋಡೆಗೆ ತೂಗುಹಾಕಿದ ಅಚ್ಚಿನ ಪಟವೇ ಆಗಿತ್ತು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯ ಹಾಗೂ ಅದರ ಜಾಡಿನಲ್ಲಿ ಬಂದ ಇತರ ಮುದ್ರಣಾಲಯಗಳು ಇಂತಹ ಪಟಗಳನ್ನು ನಾಡಿನ ಪಡಸಾಲೆಗಳಿಗೆ ತಲುಪಿಸಿದವು. ತಮ್ಮ ಮನೆಯ ಲಕ್ಷ್ಮಿ ಎಷ್ಟನೆಯ ಪ್ರತಿ ಎಂದು ಯಾರೂ ಕೇಳಲಿಲ್ಲ. ಆಧುನಿಕ ಮುದ್ರಣಕಲೆಯಾದರೋ ಪ್ರತಿ ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ 12/75 ಎಂಬಂತಹ ಒಂದು ಲೆಕ್ಕವನ್ನು ಬರೆದಿಡುತ್ತದೆ. ಆ ಲೆಕ್ಕಕ್ಕೂ ಕಲಾಕೃತಿಯ ಮೌಲ್ಯಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಆಪ್ ಆರ್ಟ್ ಅಥವಾ ದೃಷ್ಟಿಭ್ರಮೆಯ ಕಲೆಯಲ್ಲಿ ಅತ್ಯಂತ ತೀವ್ರವಾಗಿ ಎದುರಾಗುತ್ತದೆ.

ಕಣ್ಣನ್ನು ಚಲನೆಗೆ ತೊಡಗಿಸುವ ಕಲೆ ನಮಗೆ ಅಪರಿಚಿತವಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯದ ಕಡೆದ ಕಂಬಗಳ ನಡುವೆ ನಡೆಯುವಾಗ, ನಯವಾದ ಬಳೆಗಳ ಮೇಲಿನ ಬೆಳಕಿನ ಗೆರೆಗಳು ನಮ್ಮೊಡನೆ ಸರಿಯುತ್ತವೆ. ಆದರೆ ಅಲ್ಲಿ ಚಲಿಸುವವನು ನೋಡುಗ. ಆಪ್ ಆರ್ಟ್‌ನಲ್ಲಿ ನೋಡುಗ ನಿಂತೇ ಇರುತ್ತಾನೆ, ಸಪಾಟಾದ ಹಾಳೆ ಉಬ್ಬುತ್ತದೆ, ಕುಸಿಯುತ್ತದೆ, ಮಿಡಿಯುತ್ತದೆ. 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆದ ‘ದಿ ರೆಸ್ಪಾನ್ಸಿವ್ ಐ’ ಪ್ರದರ್ಶನ ಈ ಪಂಥವನ್ನು ಲೋಕಪ್ರಸಿದ್ಧಗೊಳಿಸಿತು.

ಈ ಪಂಥದ ಹಿರಿಯನಾದ, ಹಂಗೇರಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ವಿಕ್ಟರ್ ವಸಾರೆಲಿ (1906–1997) ಏಕೈಕ ಕೃತಿಯ ಪೂಜ್ಯತೆಯನ್ನೇ ಒಪ್ಪಲಿಲ್ಲ. ಆಕಾರ ಮತ್ತು ಬಣ್ಣಗಳ ನಿಶ್ಚಿತ ಘಟಕಗಳಿಂದ ಆತ ಒಂದು ದೃಶ್ಯ ವರ್ಣಮಾಲೆಯನ್ನು ರೂಪಿಸಿದ. ಅದರ ಆಧಾರದಿಂದ ಸಹಾಯಕರೂ ಕೃತಿಯನ್ನು ಕಟ್ಟಬಹುದಾಗಿತ್ತು. ಕಲೆ ಎಲ್ಲರ ಮನೆಗೂ ಹೋಗಬೇಕೆಂಬುದು ಅವನ ಆಶಯ. ಹಾಗಿರುವಾಗ ಅದೇ ಕಲೆಗೆ ಸಂಖ್ಯೆಯ ಬೇಲಿ ಹಾಕುವುದು ವಿರೋಧಾಭಾಸವಲ್ಲವೇ?

ಉತ್ತರಕ್ಕೆ ತಂತ್ರದ ಕಡೆ ನೋಡಬೇಕು. ಡ್ರೈಪಾಯಿಂಟ್‌ನಲ್ಲಿ ತಾಮ್ರದ ತಗಡಿನ ಮೇಲೆ ಗೀರಿದ ಗೆರೆ ಪ್ರತಿ ಒತ್ತಿಗೂ ಸವೆಯುತ್ತದೆ. ಅಲ್ಲಿ ಮಿತಿಯನ್ನು ಲೋಹವೇ ವಿಧಿಸುತ್ತದೆ. ಆಪ್ ಆರ್ಟ್ ಹೆಚ್ಚಾಗಿ ಆಶ್ರಯಿಸಿದ ಸಿಲ್ಕ್ ಸ್ಕ್ರೀನ್ ಪದ್ಧತಿಯಲ್ಲಾದರೆ ಒಂದೇ ಪರದೆಯಿಂದ ನೂರಾರು ಸಮಾನ ಪ್ರತಿಗಳನ್ನು ತೆಗೆಯಬಹುದು. ಆದ್ದರಿಂದ ಇಲ್ಲಿನ ಮಿತಿ ವಸ್ತುವಿನ ಧರ್ಮವಲ್ಲ, ಕಲಾವಿದ ಕೊಟ್ಟ ಮಾತು. ಪರದೆಯನ್ನು ಅಳಿಸಿ, ಪ್ರತಿಗಳ ಲೆಕ್ಕವನ್ನು ದಾಖಲಿಸಿದಾಗ ಮಾತ್ರ ಆ ಮಾತಿಗೆ ಆಧಾರ ದೊರೆಯುತ್ತದೆ. ಸಂಗ್ರಾಹಕ ಬೆಲೆ ತೆರುವುದು ವಿರಳತೆಗೆಂದು ಭಾವಿಸುತ್ತೇವೆ. ವಾಸ್ತವವಾಗಿ ಆತ ಬೆಲೆ ತೆರುವುದು ಈ ವಿಶ್ವಾಸಕ್ಕೆ.

ಸಂಖ್ಯೆಯ ಬಗೆಗಿನ ಕೆಲವು ತಪ್ಪು ತಿಳಿವಳಿಕೆಗಳನ್ನೂ ಇಲ್ಲಿ ನಿವಾರಿಸಬೇಕು. 1/75 ಎಂಬ ಪ್ರತಿ 60/75ಕ್ಕಿಂತ ಶ್ರೇಷ್ಠವಲ್ಲ. ಹಲವು ಬಣ್ಣಗಳ ಮುದ್ರಣದಲ್ಲಿ ಹಾಳೆಗಳು ಒತ್ತಿದ ಕ್ರಮದಲ್ಲೇ ಸಂಖ್ಯೆ ಪಡೆಯುತ್ತವೆಂಬ ನಿಯಮವಿಲ್ಲ. ಕಲಾವಿದನ ಪ್ರತಿ, ಮುದ್ರಕನ ಪ್ರತಿ ಎಂಬ ಹೆಸರಿನ ಹಾಳೆಗಳು ಈ ಎಣಿಕೆಯ ಹೊರಗಿರುತ್ತವೆ. ಅವೆಷ್ಟು ಎಂಬುದು ತಿಳಿಯದೆ ಎಪ್ಪತ್ತೈದು ಎಂಬ ಅಂಕಿಗೆ ಪೂರ್ಣಾರ್ಥವಿಲ್ಲ.

ಎರಡನೆಯ ಮಾನದಂಡ ಪ್ರತಿಯ ಸ್ಥಿತಿ. ಇತರ ಚಿತ್ರಗಳಲ್ಲಿ ಅಲ್ಪ ಕಲೆಯನ್ನು ಕಾಲದ ಗುರುತೆಂದು ಕ್ಷಮಿಸಬಹುದು. ಆಪ್ ಆರ್ಟ್‌ನಲ್ಲಿ ಕಪ್ಪು ಗೆರೆಗಳ ನಡುವಿನ ಬಿಳುಪೇ ಕೃತಿಯ ಉಸಿರು. ಅದು ಹಳದಿಗಟ್ಟಿದರೆ ಮಿಡಿತ ನಿಲ್ಲುತ್ತದೆ. ಬ್ರಿಡ್ಜೆಟ್ ರೈಲಿ 1965ರಲ್ಲಿ ರಚಿಸಿದ ‘ಫ್ರಾಗ್ಮೆಂಟ್ಸ್’ ಎಂಬ ಏಳು ಮುದ್ರಿಕೆಗಳ ಮಾಲೆ ಪಾರದರ್ಶಕ ಪ್ಲಾಸ್ಟಿಕ್ ಫಲಕದ ಮೇಲೆ ಅಚ್ಚಾಗಿದ್ದು, ತಲಾ 75 ಪ್ರತಿಗಳಿಗೆ ಸೀಮಿತವಾಗಿದೆ. ಇಂತಹ ಫಲಕದಲ್ಲಿ ಒಂದು ಗೀರು ಬಿದ್ದರೂ ಅದು ಕಲಾವಿದೆ ಎಳೆಯದ ಹೊಸ ಗೆರೆಯಾಗಿ ಕಣ್ಣನ್ನು ತಡೆಯುತ್ತದೆ. ಮಲೆನಾಡಿನ ಅಂಚಿನ ತೇವದಲ್ಲಿ ಬೂಷ್ಟು, ನೇರ ಬಿಸಿಲು, ಚೌಕಟ್ಟಿನ ಹಿಂದಿನ ಆಮ್ಲೀಯ ರಟ್ಟು, ಅಂಚು ಕತ್ತರಿಸುವ ಅವಸರ ಇವೆಲ್ಲವೂ ಸಂಗ್ರಾಹಕನ ಶತ್ರುಗಳು.

ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಮೊದಲಾದೆಡೆ ಮುದ್ರಣಕಲೆಯನ್ನು ಕಲಿಸಲಾಗುತ್ತಿದೆ. ಪರಿಷತ್ತಿನ ಚಿತ್ರಸಂತೆ ಕಲಾವಿದರನ್ನೂ ಕೊಳ್ಳುವವರನ್ನೂ ನೇರವಾಗಿ ಎದುರುಬದುರಾಗಿಸಿದೆ. ಅಲ್ಲಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಇದು ಕಲಾವಿದ ಮುದ್ರಿಕೆಯಾಗಿಯೇ ಕಲ್ಪಿಸಿದ ಕೃತಿಯೋ, ಮೂಲ ವರ್ಣಚಿತ್ರದ ಛಾಯಾಪ್ರತಿಯೋ ಎಂಬುದು. ಸಹಿ ಮತ್ತು ಸಂಖ್ಯೆ ಎರಡರ ಮೇಲೂ ಇರಬಹುದು. ಸ್ವರೂಪ ಮಾತ್ರ ಬೇರೆ.

ವರ್ಣಚಿತ್ರವನ್ನು ಕೊಳ್ಳಲಾರದ ಊರಿನ ಶಾಲಾ ಶಿಕ್ಷಕನೂ ಒಂದು ಮೂಲ ಮುದ್ರಿಕೆಯನ್ನು ಮನೆಗೆ ತರಬಲ್ಲ ಎಂಬುದೇ ಈ ಪ್ರಕಾರದ ದೊಡ್ಡ ಸಾಧ್ಯತೆ. ವಸಾರೆಲಿಯ ಆಶಯಕ್ಕೂ ಸೀಮಿತ ಆವೃತ್ತಿಯ ಶಿಸ್ತಿಗೂ ಹೊಂದಾಣಿಕೆ ಕಂಡುಬರುವುದು ಇಲ್ಲಿಯೇ: ಪ್ರತಿಗಳು ಹಲವು, ಆದರೆ ಲೆಕ್ಕ ಪ್ರಾಮಾಣಿಕ. ಆ ಲೆಕ್ಕವನ್ನು ಮಾರುಕಟ್ಟೆಯ ಮರ್ಜಿಗೆ ಬಿಡದೆ, ಪ್ರತಿಗಳ ಒಟ್ಟು ಸಂಖ್ಯೆ, ಹೊರಗಿನ ಪ್ರತಿಗಳು, ಬಳಸಿದ ಕಾಗದ, ಮುದ್ರಿಸಿದ ಸ್ಥಳ ಮತ್ತು ಪರದೆಯ ಗತಿಯನ್ನು ಒಳಗೊಂಡ ಆವೃತ್ತಿ ನೋಂದಣಿಯನ್ನು ನಮ್ಮ ಕಲಾಸಂಸ್ಥೆಗಳು ಕಾಯ್ದಿಡುವುದು ಅಗತ್ಯ. ಅಂತಹ ದಾಖಲೆಯಿಲ್ಲದಿದ್ದರೆ ಮೊದಲು ನಷ್ಟ ಅನುಭವಿಸುವವನು ಶ್ರೀಮಂತ ಸಂಗ್ರಾಹಕನಲ್ಲ, ನಂಬಿ ಕೊಂಡ ಆ ಶಿಕ್ಷಕ.